ಸ್ಟೇಡಿಯಮ್ಮಿನ ಒಂದು ದಿನದ ಕೂಲಿ

(ಬಸವಕಲ್ಯಾಣ ಮತ್ತು ಹುಮನಾಬಾದಿನ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಗೆಳೆಯರೆ, ಹಿಂದಿನ ಸಾಲಿನಲ್ಲಿ ಕುಂತಿರುವ ಅಕ್ಕತಂಗಿಯರೆ,

ಹಾಸ್ಟೆಲಿಗೆ ಬಂದಾಗೆಲ್ಲ ಬಾಬಾಸಾಹೇಬರ ಬಗ್ಗೆ ಮಾತಾಡ್ರಿ, ಬಸವಣ್ಣನ ಬಗ್ಗೆ ಮಾತಾಡ್ರಿ ಅಂತ ಕೇಳ್ತೀರಿ. ಇವತ್ತು ಕ್ರಿಕೆಟ್ಟಿನ ಬಗ್ಗೆ ಮಾತಾಡ್ತೀನಿ. ನಗಬ್ಯಾಡ್ರಿ. ಆಟದ ಮಾತಲ್ಲ ಇದು. ಆಟ ನಡೆಯುವ ದಿನ ದೊಡ್ಡ ಸ್ಟೇಡಿಯಮ್ಮುಗಳಲ್ಲಿ ಸಿಗುವ ದಿನಗೂಲಿಯ ಮಾತು.

ಬೇಸಿಗೆ ಬಂತೆಂದರೆ ಐಪಿಎಲ್. ಪರೀಕ್ಷೆ ಮುಗಿದಿರುತ್ತದೆ. ಹಾಸ್ಟೆಲ್ ಖಾಲಿ. ಊರಿಗೆ ಹೋದರೆ ಹೊಲದಲ್ಲಿ ಕೆಲಸ ಇಲ್ಲ, ಮನೆಯಲ್ಲಿ ರೊಕ್ಕ ಇಲ್ಲ. ಆಗ ಯಾರದೋ ಒಂದು ಫೋನು ಬರುತ್ತದೆ. ‘ಹೈದರಾಬಾದಿಗೆ ಇಪ್ಪತ್ತು ಮಂದಿ ಬೇಕಾಗ್ಯಾರ. ಮ್ಯಾಚೂ ನೋಡಬಹುದು, ಊಟನೂ ಅದ, ಮ್ಯಾಲ ರೊಕ್ಕನೂ ಸಿಗ್ತದ.’ ನೀವು ಎದ್ದು ಹೊರಡುತ್ತೀರಿ. ಹೊರಡಬ್ಯಾಡ್ರಿ ಅಂತ ಹೇಳಲು ನಾನು ಬಂದಿಲ್ಲ. ಅಡ್ಮಿಷನ್ ಫೀಸು ಕಟ್ಟುವ ಹುಡುಗನಿಗೆ ಕೂಲಿಗೆ ಹೋಗಬೇಡ ಅನ್ನುವವನು ಆ ಫೀಸು ಕಟ್ಟಬೇಕು. ನಾನು ಕಟ್ಟಲಾರೆ. ಹೋಗುವವರು ಏನನ್ನು ತಿಳಿದುಕೊಂಡು ಹೋಗಬೇಕು ಅನ್ನೋದಷ್ಟೇ ಇವತ್ತಿನ ಮಾತು.

ನಮಗೆ ಬೆಂಗಳೂರು ದೂರ, ರಾತ್ರಿಯಿಡೀ ಪ್ರಯಾಣ. ಹೈದರಾಬಾದೇ ಹತ್ತಿರ. ಹುಮನಾಬಾದಿನಲ್ಲೋ ಸಸ್ತಾಪುರ ಬಂಗ್ಲಾದಲ್ಲೋ ಬಸ್ ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಮೂರು ನಾಲ್ಕು ತಾಸಿನ ಹಾದಿ. ನಮ್ಮ ಅಜ್ಜಂದಿರು ಹಮಾಲಿಗೆ, ಗೌಂಡಿ ಕೆಲಸಕ್ಕೆ ಹೋದದ್ದೂ ಇದೇ ಹಾದಿಯಲ್ಲಿ. 1956ರ ನವೆಂಬರ್ 1ರವರೆಗೆ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದ್ದೇ. ಅದಕ್ಕೆ ಒಂದು ವರ್ಷ ಮೊದಲು, 1955ರ ನವೆಂಬರಿನಲ್ಲಿ, ಅಲ್ಲಿನ ಫತೇ ಮೈದಾನದಲ್ಲಿ ಭಾರತಕ್ಕೂ ನ್ಯೂಜಿಲೆಂಡಿಗೂ ಟೆಸ್ಟ್ ಪಂದ್ಯ ನಡೆಯಿತು. ಪಾಲಿ ಉಮ್ರಿಗರ್ 223 ರನ್ ಹೊಡೆದದ್ದು ದಾಖಲೆಯಲ್ಲಿದೆ. ಆ ಐದು ದಿನ ಕುರ್ಚಿ ಹಾಕಿದವರು, ನೀರು ಹೊತ್ತವರು ಯಾವ ಊರಿನವರು, ಯಾವ ಕೇರಿಯವರು ಅಂತ ಯಾರು ಬರೆದಿಡುತ್ತಾರೆ? 1967ರಲ್ಲಿ ಆ ಮೈದಾನಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹೆಸರಿಟ್ಟರು. 2005ರಿಂದ ದೊಡ್ಡ ಪಂದ್ಯಗಳು ಊರಿನ ಮತ್ತೊಂದು ತುದಿಗೆ, ಉಪ್ಪಲ್ಲಿನ ರಾಜೀವ್ ಗಾಂಧಿ ಸ್ಟೇಡಿಯಮ್ಮಿಗೆ ಹೋದವು.

ಅಲ್ಲಿ ಏನೇನು ಕೆಲಸ ಇರುತ್ತದೆ? ಗೇಟಿನಲ್ಲಿ ಟಿಕೆಟ್ ನೋಡುವುದು. ಮೆಟ್ಟಿಲ ಹತ್ತಿರ ನಿಂತು ‘ಆ ಕಡೆ ಹೋಗ್ರಿ’ ಅನ್ನುವುದು. ನೀರಿನ ಕ್ಯಾನು, ಐಸು, ಸಮೋಸಾ ಕ್ರೇಟು ಮೇಲಿನ ಗ್ಯಾಲರಿಗೆ ಹೊರುವುದು. ಜಾಹೀರಾತಿನ ಹಲಗೆ ಎತ್ತಿ ನಿಲ್ಲಿಸುವುದು. ಗಾಡಿ ನಿಲ್ಲಿಸುವ ಕಡೆ ಸೀಟಿ ಊದುವುದು. ಮಳೆ ಬಂದರೆ ಮೈದಾನಕ್ಕೆ ಟಾರ್ಪಾಲು ಎಳೆಯುವುದು. ಎಲ್ಲಾ ಮುಗಿದ ಮೇಲೆ ಸಾವಿರಾರು ಮಂದಿ ಉಂಡು ಬಿಸಾಕಿದ್ದನ್ನು ಬಳಿಯುವುದು, ಶೌಚಾಲಯ ತೊಳೆಯುವುದು. ರಾತ್ರಿಯ ಪಂದ್ಯ ಏಳೂವರೆಗೆ ಶುರುವಾದರೆ ಮುಗಿಯೋದು ಹನ್ನೊಂದೂವರೆ ಹೊತ್ತಿಗೆ. ನಿಮ್ಮ ಹಾಜರಿ ಮಧ್ಯಾಹ್ನಕ್ಕೇ ಆಗಿರುತ್ತದೆ. ಕಸ ಬಳಿಯುವ ಸರದಿ ಬಂದರೆ ರಾತ್ರಿ ಎರಡು. ಆಮೇಲೆ ಇಮ್ಲಿಬನ್ ಬಸ್‌ಸ್ಟ್ಯಾಂಡಿನಲ್ಲಿ ಚೀಲ ತಲೆಗಿಟ್ಟು ಮಲಗುವುದು, ಬೆಳಗಿನ ಮೊದಲ ಬಸ್ಸಿಗೆ ಕಾಯುವುದು. ಇದನ್ನೆಲ್ಲ ‘ಒಂದು ದಿನದ ಕೆಲಸ’ ಅಂತಾರೆ. ಲೆಕ್ಕ ಹಾಕಿದರೆ ಎರಡು ದಿನ.

ಇನ್ನು ಮ್ಯಾಚು ನೋಡುವ ಆಸೆ. ಗೇಟಿನವನ ಮುಖ ರಸ್ತೆಯ ಕಡೆ. ಮೆಟ್ಟಿಲಲ್ಲಿ ನಿಂತವನು ಆಟಕ್ಕೆ ಬೆನ್ನು ಹಾಕಿ ಜನರನ್ನು ನೋಡಬೇಕು, ಅದೇ ಅವನ ಕೆಲಸ. ಶೌಚಾಲಯದಲ್ಲಿದ್ದವಳಿಗೆ ಸಿಕ್ಸರ್ ಹೋದದ್ದು ಜನರ ಕೂಗಿನಿಂದ ಗೊತ್ತಾಗುತ್ತದೆ. ಆದ್ದರಿಂದ ಮ್ಯಾಚು ತೋರಿಸುತ್ತೇನೆ ಅಂತ ಹೇಳಿ ಕೂಲಿಯಲ್ಲಿ ನೂರು ಕಡಿಮೆ ಮಾಡುವವನನ್ನು ನಂಬಬ್ಯಾಡ್ರಿ.

ಈ ಮನೆಯಲ್ಲಿ ರೊಕ್ಕ ಇಲ್ಲವೇನು? 2022ರ ಜೂನಿನಲ್ಲಿ ಐಪಿಎಲ್ಲಿನ ಐದು ವರ್ಷದ ಪ್ರಸಾರದ ಹಕ್ಕನ್ನು ಮಾರಿದರು. 2023ರಿಂದ 2027ರವರೆಗೆ, 48,390 ಕೋಟಿ ರೂಪಾಯಿಗೆ. ಆಗ ಅವರೇ ಹಾಕಿದ ಲೆಕ್ಕ 410 ಪಂದ್ಯ. ಭಾಗಿಸಿ ನೋಡ್ರಿ, ಒಂದು ಪಂದ್ಯಕ್ಕೆ 118 ಕೋಟಿ. ಟಿಕೆಟ್ಟಿನ ರೊಕ್ಕ, ಜಾಹೀರಾತಿನ ರೊಕ್ಕ ಬೇರೆ. 2024ರ ಐಪಿಎಲ್ ಮುಗಿದಾಗ ಕ್ರಿಕೆಟ್ ಮಂಡಳಿಯವರು ಮೈದಾನ ನೋಡಿಕೊಳ್ಳುವ ಸಿಬ್ಬಂದಿಗೆ ಅಂತ 10 ಮೈದಾನಗಳಿಗೆ ತಲಾ 25 ಲಕ್ಷ ಇನಾಮು ಸಾರಿದರು. ಪತ್ರಿಕೆಗಳು ಹೊಗಳಿದವು. ಕೊಟ್ಟದ್ದು ಒಳ್ಳೆಯದೇ. ಆದರೆ ಇನಾಮು ಬೇರೆ, ಕೂಲಿ ಬೇರೆ. ಇನಾಮು ಕೊಡುವವನ ಖುಷಿ, ಕೂಲಿ ದುಡಿದವನ ಹಕ್ಕು. ಗೌಡರ ಮನೆ ಹಬ್ಬದಲ್ಲಿ ಸೀರೆ ಕೊಟ್ಟು ವರ್ಷವಿಡೀ ಬಿಟ್ಟಿ ದುಡಿಸಿಕೊಂಡದ್ದು ನಮ್ಮ ಅವ್ವಂದಿರಿಗೆ ಗೊತ್ತು. ಮತ್ತೆ ಆ ಇನಾಮಿನ ಪಟ್ಟಿಯಲ್ಲಿ ಒಂದು ದಿನಕ್ಕೆ ಲಾರಿಯಲ್ಲಿ ಬಂದಿಳಿದವರ ಲೆಕ್ಕ ಎಲ್ಲಿಂದ ಬರಬೇಕು?

118 ಕೋಟಿಯ ಪಂದ್ಯದಲ್ಲಿ ನಿಮ್ಮ ಕೈಗೆ ಕೆಲವೇ ನೂರು ಯಾಕೆ ಬರುತ್ತದೆ? ನಡುವೆ ಮಂದಿ ಇದ್ದಾರೆ, ಅದಕ್ಕೆ. ಕ್ರಿಕೆಟ್ ಸಂಸ್ಥೆ ಕಂಪನಿಗೆ ಗುತ್ತಿಗೆ ಕೊಡುತ್ತದೆ, ಕಂಪನಿ ಸಣ್ಣ ಗುತ್ತೇದಾರನಿಗೆ, ಅವನು ಮೇಸ್ತ್ರಿಗೆ, ಮೇಸ್ತ್ರಿ ನಮ್ಮ ಕೇರಿಯ ಒಬ್ಬ ಹುಡುಗನಿಗೆ. ಪ್ರತಿ ಕೈಯಲ್ಲೂ ಒಂದಿಷ್ಟು ಉಳಿಯುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಒಂದು ದೊಡ್ಡ ಊರಿನ ಮೈದಾನದಲ್ಲಿ ಕುರ್ಚಿ ಹೊತ್ತಿದ್ದೆ. ರಾತ್ರಿ ರೊಕ್ಕ ಎಣಿಸುವಾಗ ಮೇಸ್ತ್ರಿ ಊಟದ್ದು ಅಂತ ಒಂದಿಷ್ಟು ಹಿಡಿದ, ಗಾಡಿಯದು ಅಂತ ಒಂದಿಷ್ಟು ಹಿಡಿದ, ಕೊನೆಗೆ ಮೈಮೇಲಿನ ಬಣ್ಣದ ಬನಿಯನ್ನಿನದು ಅಂತ ಒಂದಿಷ್ಟು ಹಿಡಿದ. ಬನಿಯನ್ನು ಮಾತ್ರ ವಾಪಸ್ ಇಸಗೊಂಡ!

ಈ ಕಡಿತದ ಮೇಲೆ ದೇಶದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ. ಸ್ಟೇಡಿಯಮ್ಮಿನ ಕೆಲಸದಿಂದಲೇ ಬಂದ ತೀರ್ಪು ಅದು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಬೇಕಿತ್ತು. ಸ್ಟೇಡಿಯಮ್ಮು, ಮೇಲ್ಸೇತುವೆ, ಆಟಗಾರರ ವಸತಿ ಎಲ್ಲಾ ಒಮ್ಮೆಲೇ ಏಳಬೇಕು. ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾಗಳಿಂದ ಬಡವರನ್ನು ಜಮಾದಾರರು ಕರೆತಂದರು. ದಿನಕ್ಕೆ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಜಮಾದಾರ ತನ್ನ ಕಮಿಷನ್ ಅಂತ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಹೆಂಗಸರಿಗೆ 7 ರೂಪಾಯಿ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಇದನ್ನು ಒಂದು ಪತ್ರದಲ್ಲಿ ಬರೆದು ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿಗೆ ಕಳಿಸಿತು. ಆ ಪತ್ರವನ್ನೇ ಕೋರ್ಟು ಅರ್ಜಿ ಅಂತ ತೆಗೆದುಕೊಂಡಿತು.

1982ರ ಸೆಪ್ಟೆಂಬರ್ 18ರಂದು ತೀರ್ಪು ಬಂತು. ಏನಂತ? ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಬಲವಂತ ಅಂದರೆ ಬೆನ್ನಿಗೆ ಬಾರುಕೋಲು ಮಾತ್ರವಲ್ಲ. ಹಸಿವೂ ಒಂದು ಬಲವಂತ. ಬೇರೆ ದಾರಿಯಿಲ್ಲದೆ ಒಬ್ಬ ಮನುಷ್ಯ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದು ಬಲವಂತದ ದುಡಿಮೆಯೇ. ಸರ್ಕಾರವು ‘ಅವರು ಗುತ್ತೇದಾರನ ಆಳುಗಳು, ನಮಗೆ ಸಂಬಂಧವಿಲ್ಲ’ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಗೆಳೆಯರೆ, ‘ನೀನೇ ಒಪ್ಪಿಕೊಂಡು ಬಂದೀಯಲ್ಲಾ’ ಅಂತ ಮೇಸ್ತ್ರಿ ಹೇಳುತ್ತಾನಲ್ಲ, ಅದಕ್ಕೆ ಉತ್ತರ ಇದು. ನಿಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇದೆ. ಅದರ ಕೆಳಗೆ 23ನೇ ವಿಧಿಯನ್ನು ಒಂದು ಹಾಳೆಯಲ್ಲಿ ಬರೆದು ಅಂಟಿಸ್ರಿ.

ಇನ್ನು ಆ ಕೆಲಸಗಳನ್ನು ಹಂಚುವ ರೀತಿ. ಲಾರಿಯಿಂದ ಇಳಿದ ಕೂಡಲೇ ಮೇಸ್ತ್ರಿ ಹೆಸರು ಕೇಳುತ್ತಾನೆ, ಊರು ಕೇಳುತ್ತಾನೆ, ಅಡ್ಡಹೆಸರು ಕೇಳುತ್ತಾನೆ. ಆಮೇಲೆ ಇಂಥವರು ಗೇಟಿಗೆ, ಇಂಥವರು ಸ್ಟಾಲಿಗೆ, ಇಂಥವರು ಪೊರಕೆಗೆ. ಓದಿದವನು, ಪಿಯುಸಿ ಪಾಸಾದವನು, ಮೂರು ಭಾಷೆ ಬಲ್ಲವನು ಅನ್ನೋದು ಲೆಕ್ಕಕ್ಕಿಲ್ಲ. ಕೇಂದ್ರ ಸರ್ಕಾರವೇ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರ ಪಟ್ಟಿ ಮಾಡಿತು. 2024ರಲ್ಲಿ ಹೊರಬಂದ ಲೆಕ್ಕದಲ್ಲಿ ಸುಮಾರು 38,000 ಮಂದಿ, ಅವರಲ್ಲಿ ನೂರಕ್ಕೆ 69 ಮಂದಿ ಪರಿಶಿಷ್ಟ ಜಾತಿಯವರು. ನಗರದ ಗಟಾರದಲ್ಲಿ ಹೀಗಿದ್ದರೆ ಸ್ಟೇಡಿಯಮ್ಮಿನ ಶೌಚಾಲಯದಲ್ಲಿ ಬೇರೆ ಇರಲು ಕಾರಣ ಏನಿದೆ? ಜಾತಿ ಕೆಲಸವನ್ನು ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಒಡೆದು ಮೇಲೆ ಕೆಳಗೆ ಇಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲಿಯೇ ತೋರಿಸಿಕೊಟ್ಟರು.

ನಮ್ಮ ಊರಿನಲ್ಲಿ ಇನ್ನೊಂದು ಮಾತು ಬರುತ್ತದೆ. ‘ಕಾಯಕದಲ್ಲಿ ಮೇಲು ಕೀಳು ಇಲ್ಲಪಾ, ಕಲ್ಯಾಣದವನಾಗಿ ಪೊರಕೆ ಹಿಡಿಯಾಕ ನಾಚ್ತೀಯೇನು?’ ಸರಿ ಸ್ವಾಮಿ. ಇದೇ ಕಲ್ಯಾಣದಲ್ಲಿ ಚಪ್ಪಲಿ ಹೊಲಿದ ಹರಳಯ್ಯ, ಕಸ ಗುಡಿಸಿದ ಸತ್ಯಕ್ಕ ಇದ್ದರು. ಅವರು ಶರಣರ ನಡುವೆ ಸರಿಸಮ ಕುಂತವರು. ಬೀಗತನದವರೆಗೆ ಹೋದ ಸಮಾನತೆ ಅದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗೆ ಕಲ್ಯಾಣವೇ ಹೊತ್ತಿ ಉರಿಯಿತು. ಪೊರಕೆಯನ್ನು ನಮ್ಮ ಕೈಗೆ, ಪಾಸನ್ನು ತನ್ನ ಅಳಿಯನ ಕೈಗೆ ಕೊಡುವ ಗುತ್ತೇದಾರ ಕಾಯಕದ ಹೆಸರು ಎತ್ತಬಾರದು. ಸರದಿಯ ಮೇಲೆ ಎಲ್ಲರೂ ಪೊರಕೆ ಹಿಡಿಯಲಿ, ಎಲ್ಲರೂ ಗೇಟಿಗೆ ನಿಲ್ಲಲಿ, ಆಗ ಮಾತಾಡೋಣ.

ಮೈದಾನದ ಕೂಲಿಯವನಿಂದ ಎಂಥ ಮನುಷ್ಯ ಬಂದ ಅನ್ನೋದನ್ನೂ ಹೇಳಬೇಕು. ಇದನ್ನು ನಿಮ್ಮ ಪಠ್ಯಪುಸ್ತಕದಲ್ಲಿ ನಾನು ನೋಡಿಲ್ಲ. ಪಾಲ್ವಂಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರ ಜಾತಿ. ಅಪ್ಪನಿಗೆ ಸೈನ್ಯದ ಕೆಲಸ, ಬೆಳೆದದ್ದು ಪುಣೆಯಲ್ಲಿ. ಮೊದಲ ನೌಕರಿ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ಅಲ್ಲಿ ನೆಟ್ ಕಟ್ಟುತ್ತ, ಸುಣ್ಣದ ಗೆರೆ ಹಾಕುತ್ತ, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯುತ್ತ ಎಡಗೈ ಸ್ಪಿನ್ ಕಲಿತ. ತಾಸುಗಟ್ಟಲೆ ಬೌಲಿಂಗ್ ಮಾಡಿಸಿಕೊಂಡರು. ಬ್ಯಾಟು ಮಾತ್ರ ಕೈಗೆ ಕೊಡಲಿಲ್ಲ. ಬ್ಯಾಟು ದೊರೆಗಳದು, ಬೆವರು ಕೂಲಿಯವನದು.

ಪುಣೆಯ ಹಿಂದೂಗಳಿಗೆ ಸಾಹೇಬರನ್ನು ಸೋಲಿಸಬೇಕಿತ್ತು. ಬಾಲೂ ಇಲ್ಲದೆ ಆಗುವುದಿಲ್ಲ ಅಂತ ಗೊತ್ತಿತ್ತು. ಚರ್ಚೆ ಮಾಡಿ ಮಾಡಿ ತಂಡಕ್ಕೆ ಸೇರಿಸಿಕೊಂಡರು. ಒಳಗೆ ಆಡುವಾಗ ಅವನು ಮುಟ್ಟಿದ ಚೆಂಡನ್ನು ಮುಟ್ಟಬಹುದು. ಚಹಾದ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ನಮ್ಮ ಹಳ್ಳಿ ಹೋಟೆಲಿನ ಬೇರೆ ಲೋಟದ ಕಥೆ ನಿಮಗೆ ಹೇಳಬೇಕಾಗಿಲ್ಲ. ಪುಣೆಯಲ್ಲಿ ಪ್ಲೇಗು ಬಂದ ಮೇಲೆ ಮುಂಬೈಗೆ ಹೋದ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಮುಖ್ಯ ಬೌಲರ್ ಅವನೇ. 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ 114 ವಿಕೆಟ್ ತೆಗೆದ. ಇಷ್ಟಾದರೂ ನಾಯಕತ್ವ ಕೊಡಲಿಲ್ಲ. 1920ರಲ್ಲಿ ತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ನಿಂತರು. ಆಗ ಬಾಲೂವನ್ನು ಉಪನಾಯಕ ಮಾಡಿದರು. 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕನಾದ. ಕೊಟ್ಟದ್ದಲ್ಲ ಅದು, ಹೊರಗೆ ನಿಂತು ಪಡೆದದ್ದು.

ಬಾಲೂವಿನ ಬಗ್ಗೆ ಪೂರ್ತಿ ಹೇಳಬೇಕೆಂದರೆ, 1932ರ ಪೂನಾ ಒಪ್ಪಂದಕ್ಕೆ ಅವನೂ ಸಹಿ ಹಾಕಿದ್ದಾನೆ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಬಾಬಾಸಾಹೇಬರ ಎದುರಿಗೇ ಅವನನ್ನು ನಿಲ್ಲಿಸಿದರು. ಬಾಬಾಸಾಹೇಬರು ಗೆದ್ದರು. ಚಹಾ ಕೊಡುವಾಗ ಹೊರಗೆ ನಿಲ್ಲಿಸಿದವರಿಗೆ ಓಟಿನ ಹೊತ್ತಿಗೆ ಅವನ ನೆನಪು ಚೆನ್ನಾಗಿ ಬಂತು! ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ಅವನನ್ನು ಬಳಸಿಕೊಂಡ ರೀತಿಯನ್ನು ತಿಳಿಯುವುದು ಮುಖ್ಯ ಅಂತ ನನ್ನ ಅಭಿಪ್ರಾಯ.

ಈಗ ಗೇಟಿನ ಮಾತು. ಗೇಟು ಸಿಕ್ಕಿತು, ಪೊರಕೆ ತಪ್ಪಿತು ಅಂತ ಖುಷಿ ಪಡುವ ಮೊದಲು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮನ್ನು ನೆನೆಸಿಕೊಳ್ಳಬೇಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ಸಂಭ್ರಮ ಅಂತ ಸಾರಿದರು. 35 ಸಾವಿರ ಮಂದಿ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಮಂದಿ ಬಂದರು ಅಂತ ಮುಖ್ಯಮಂತ್ರಿಗಳೇ ಹೇಳಿದರು. ಗೇಟುಗಳ ಹತ್ತಿರ ನೂಕುನುಗ್ಗಲು. 11 ಮಂದಿ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಪಾಸು ಬೇಕೋ ಬೇಡವೋ ಅನ್ನೋದೇ ಜನಕ್ಕೆ ಗೊತ್ತಿರಲಿಲ್ಲ.

ಅಂಥ ದಿನ ಗೇಟಿನ ಚಿಲಕದ ಹತ್ತಿರ ಕೈಯಿಟ್ಟು ನಿಂತವನು ನೀವಾಗಿದ್ದರೆ? ಬೆಳಿಗ್ಗೆ ಜಾಕೀಟು ಕೊಟ್ಟಿದ್ದಾರೆ, ಅಷ್ಟೇ. ಜನ ಹೆಚ್ಚಾದರೆ ಯಾರಿಗೆ ಹೇಳಬೇಕು, ಗೇಟು ತೆರೆಯಬೇಕೋ ಮುಚ್ಚಬೇಕೋ, ಆ್ಯಂಬುಲೆನ್ಸು ಯಾವ ಕಡೆಯಿಂದ ಬರುತ್ತದೆ, ಯಾರೂ ಹೇಳಿಲ್ಲ. ಇಂಗ್ಲೆಂಡಿನ ಹಿಲ್ಸ್‌ಬರೋ ಮೈದಾನದಲ್ಲಿ 1989ರಲ್ಲಿ ಇಂಥದೇ ನೂಕಿನಲ್ಲಿ ಸಿಕ್ಕು 97 ಮಂದಿ ಸತ್ತರು. ಆಮೇಲೆ ಅಲ್ಲಿ ಗೇಟು, ಆಸನ, ಕಾವಲಿನವರ ತರಬೇತಿ ಎಲ್ಲಾ ಬದಲಾಯಿತು. ನಮ್ಮಲ್ಲೂ ಕಾನೂನು ಇಲ್ಲವೆಂದಲ್ಲ. ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ 2005ರಿಂದ ಇದೆ. ಗಾರ್ಡ್ ಆಗುವವನಿಗೆ 18 ತುಂಬಿರಬೇಕು, ತರಬೇತಿ ಆಗಿರಬೇಕು. ಪಿಯುಸಿಯ ಹದಿನಾರು ಹದಿನೇಳರ ಹುಡುಗರಿಗೆ ‘ಸೆಕ್ಯುರಿಟಿ’ ಅಂತ ಬರೆದ ಜಾಕೀಟು ಹಾಕಿಸುವುದು ಕಾನೂನಿಗೆ ವಿರುದ್ಧ. ಹಾಗೆ ಹಾಕಿಕೊಳ್ಳಬ್ಯಾಡ್ರಿ. ಅನಾಹುತ ಆದರೆ ದೊಡ್ಡವರಿಗೆ ವಕೀಲರಿರುತ್ತಾರೆ.

ಅದೇ ವರ್ಷ ಬೆಂಗಳೂರಿಗೆ ಗೊತ್ತಾಗಿದ್ದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದವು. ಕ್ರಿಕೆಟ್ ಸಂಸ್ಥೆಗೆ ಮುಂದಿನ ವರ್ಷ ಇದೆ. ಆ ದಿನಗಳ ಕೂಲಿಯವನಿಗೆ, ಸ್ಟೇಡಿಯಮ್ಮಿನ ಹೊರಗೆ ಬಾವುಟ, ಟೋಪಿ ಮಾರುವವನಿಗೆ ಯಾರು ಕೊಡುತ್ತಾರೆ? ಅದಿಲ್ಲದೆಯೂ ಈ ಕೆಲಸ ಎಷ್ಟು ದಿನದ್ದು ನೋಡ್ರಿ. ಐಪಿಎಲ್ಲಿನಲ್ಲಿ ಒಂದು ತಂಡಕ್ಕೆ 14 ಲೀಗ್ ಪಂದ್ಯ, ತವರಿನಲ್ಲಿ ಏಳು. ವರ್ಷಕ್ಕೆ ಏಳು ದಿನ, ಮೇಲೆ ಒಂದೆರಡು ಅಂತರರಾಷ್ಟ್ರೀಯ ಪಂದ್ಯ. ಇದನ್ನು ನಂಬಿ ಡಿಗ್ರಿ ಬಿಡುವವನು, ‘ಅಲ್ಲೇ ಪರ್ಮನೆಂಟ್ ಮಾಡ್ತಾರಂತ’ ಅಂತ ಪಟ್ನದಲ್ಲಿ ಉಳಿಯುವವನು ಮೋಸ ಹೋಗುತ್ತಾನೆ.

ಕೊನೆಗೆ ಕಾನೂನು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಗುತ್ತಿಗೆ ಕಾರ್ಮಿಕ ಕಾಯ್ದೆ, ಕನಿಷ್ಠ ಕೂಲಿ ಕಾಯ್ದೆ ಇವುಗಳೊಳಗೆ ಸೇರಿಹೋಗಿವೆ. ಕಾರ್ಮಿಕ ಸಂಘಗಳು ಇವನ್ನು ವಿರೋಧಿಸಿವೆ, ಅದಕ್ಕೆ ಕಾರಣಗಳಿವೆ, ಆ ಮಾತು ಇನ್ನೊಂದು ದಿನ ಆಡೋಣ. ಆದರೆ ಕೈಯಲ್ಲಿರುವ ಕಲ್ಲನ್ನು ಬಳಸುವುದು ಬಿಡಬಾರದು. ವೇತನ ಸಂಹಿತೆಯ ಪ್ರಕಾರ ದಿನಗೂಲಿಯವನಿಗೆ ಆ ಪಾಳಿ ಮುಗಿದ ಕೂಡಲೇ ರೊಕ್ಕ ಕೊಡಬೇಕು. ‘ಮುಂದಿನ ಮ್ಯಾಚಿಗೆ ಬಾ, ಸೇರಿಸಿ ಕೊಡ್ತೀನಿ’ ಅನ್ನುವ ಹಾಗಿಲ್ಲ. ಹೆಚ್ಚುವರಿ ತಾಸಿಗೆ ಎರಡರಷ್ಟು. ಕೂಲಿ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ದುಡಿಸಿಕೊಂಡವನದು, ನಿಮ್ಮದಲ್ಲ. ಗುತ್ತೇದಾರ ಕೊಡದೆ ಓಡಿಹೋದರೆ ಯಾರ ಜಾಗದಲ್ಲಿ ದುಡಿದಿರೋ ಅವರನ್ನು ಕೇಳಬಹುದು. ಮೂರು ವರ್ಷದವರೆಗೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳನ್ನು ಸಂಜೆ ಏಳರ ನಂತರ ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಟು ಮಾಡಬೇಕು. ನಡುರಾತ್ರಿ ಉಪ್ಪಲ್ಲಿನ ರಸ್ತೆಯಲ್ಲಿ ಇಳಿಸಿ ಹೋಗುವುದು ಯಾವ ಏರ್ಪಾಟು?

ಇದನ್ನೆಲ್ಲ ಒಬ್ಬನೇ ಕೇಳಿದರೆ ‘ನಾಳೆಯಿಂದ ಬರಬ್ಯಾಡ’ ಅಂತಾರೆ. ಇಪ್ಪತ್ತು ಮಂದಿ ಕೇಳಿದರೆ ಹಾಗನ್ನುವುದು ಕಷ್ಟ, ಏಕೆಂದರೆ ಗೇಟು ತೆರೆಯುವ ಹೊತ್ತಿಗೆ ಬೇರೆ ಇಪ್ಪತ್ತು ಮಂದಿಯನ್ನು ಎಲ್ಲಿಂದ ತರುತ್ತಾನೆ? ಪಂದ್ಯದ ದಿನ ನಾಲ್ಕು ತಾಸು ಮೊದಲು ನಿಮ್ಮ ಬೆಲೆ ಹೆಚ್ಚು, ಪಂದ್ಯ ಮುಗಿದ ಮೇಲೆ ಏನೂ ಇಲ್ಲ. ಆದ್ದರಿಂದ ರೇಟಿನ ಮಾತು, ಊಟದ ಮಾತು, ವಾಪಸ್ ಬಸ್ಸಿನ ಮಾತು ಎಲ್ಲಾ ಲಾರಿ ಹತ್ತುವ ಮೊದಲೇ, ಎಲ್ಲರೂ ಕೂಡಿ ಆಡ್ರಿ. ನಿಮ್ಮೊಳಗೇ ಒಬ್ಬ ಮೇಸ್ತ್ರಿ ಆಗಿದ್ದರೆ ಅವನ ಕಮಿಷನ್ ಎಷ್ಟು ಅಂತ ಅವನನ್ನೂ ಕೇಳ್ರಿ. ನಮ್ಮವನು ಅಂತ ಬಿಡಬ್ಯಾಡ್ರಿ. ಕರೆದೊಯ್ಯುವವನ ಹೆಸರು, ಫೋನ್ ನಂಬರು, ಲಾರಿಯ ನಂಬರು, ಕಂಪನಿಯ ಹೆಸರು, ಹಾಜರಾದ ತಾಸು, ಬಿಟ್ಟ ತಾಸು, ಕೈಗೆ ಬಂದ ರೊಕ್ಕ, ಇಷ್ಟನ್ನೂ ಬರೆದಿಡ್ರಿ. ಜಾಕೀಟಿನ ಮೇಲಿನ ನಂಬರಿನ ಫೋಟೋ ತೆಗೆದಿಡ್ರಿ.

ಕೂಲಿ ಕೊಡದಿದ್ದರೆ, ಜಾತಿ ಎತ್ತಿ ಬೈದರೆ, ಬಸವಕಲ್ಯಾಣದ ಕೋರ್ಟಿನಲ್ಲೂ ಹುಮನಾಬಾದಿನ ಕೋರ್ಟಿನಲ್ಲೂ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಪುಕ್ಕಟೆ. ಜಾತಿ ಪ್ರಮಾಣಪತ್ರದ ನಕಲು, ನಾನು ಹೇಳಿದ ಆ ಬರೆದಿಟ್ಟ ಹಾಳೆ, ಎರಡನ್ನೂ ತಗೊಂಡು ಹೋಗ್ರಿ. ಪ್ರತಿ ಹಾಸ್ಟೆಲಿನಲ್ಲಿ ಇದಕ್ಕಾಗಿ ಒಂದು ನೂರು ಪುಟದ ನೋಟುಬುಕ್ಕು ಇರಲಿ, ಹೋಗುವವರ ಹೆಸರು ಹೊರಡುವ ಮೊದಲೇ ಅದರಲ್ಲಿ ಬರೀಲಿ. ಈ ಸಭೆ ಮುಗಿದ ಮೇಲೆ ಎರಡೂ ಊರಿನ ಹಾಸ್ಟೆಲಿನಿಂದ ಇಬ್ಬಿಬ್ಬರು ಇಲ್ಲೇ ನಿಲ್ಲ್ರಿ, ನೋಟುಬುಕ್ಕು ಯಾರ ಹತ್ತಿರ ಇರಬೇಕು ಅಂತ ಈಗಲೇ ಗೊತ್ತು ಮಾಡೋಣ.

ಜೈ ಭೀಮ್.